ಎಲ್ಲರೂ ಮುಟ್ಟಿದ ಚೆಂಡು

ನಮ್ಮ ಯಜಮಾನರಿಗೆ ಫುಟ್‌ಬಾಲ್ ಆಡಲು ಬರುವುದಿಲ್ಲ. ನಾನು ಹೊಟ್ಟೆಕಿಚ್ಚಿನಿಂದ ಹೇಳುವ ಮಾತಲ್ಲ ಇದು, ಅವರನ್ನೇ ಕೇಳಿದರೂ ಹೀಗೇ ಹೇಳುತ್ತಾರೆ. ಒದೆಯಲು ಹೋದರೆ ಚೆಂಡು ಇದ್ದಲ್ಲೇ ಇರುತ್ತದೆ, ಕಾಲಿನ ಚಪ್ಪಲಿ ಹಾರಿಹೋಗುತ್ತದೆ. ಐವತ್ತು ದಾಟಿದ ಮೇಲೆ ಬಂದ ಹೊಟ್ಟೆ ಬೇರೆ. ಇಂಥವರು ಹತ್ತು ಹನ್ನೊಂದು ವರ್ಷದ ಮಕ್ಕಳ ತಂಡಕ್ಕೆ ಕೋಚ್ ಆದದ್ದು ಹೇಗೆಂದು ನಮ್ಮ ಬೀದಿಯಲ್ಲಿ ಈಗಲೂ ಕೇಳುವವರಿದ್ದಾರೆ. ಕೇಳುವವರಿಗೆಲ್ಲ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ಒಂದೇ ಸಲಕ್ಕೆ ಇಲ್ಲಿ ಹೇಳಿಬಿಡುತ್ತೇನೆ.

ಅವರು ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಊರಿನ ಅರ್ಧ ಕಟ್ಟಡಗಳ ತಾರಸಿಯ ಮೇಲಿರುವ ಮೋಟಾರು ಕೋಣೆಗಳು ಅವರಿಗೆ ನಮ್ಮ ಅಡುಗೆಮನೆಗಿಂತ ಚೆನ್ನಾಗಿ ಗೊತ್ತು. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರೆ ಇವರು ಹೋಗಿ ಬಾಗಿಲ ಹೊರಗೆ ನಿಂತು ಮೊದಲು ಮಾತಿಗೆ ಶುರು ಮಾಡುತ್ತಿದ್ದರು. "ಊಟ ಆಯ್ತಾ? ಎಷ್ಟನೇ ಮಹಡಿಗೆ ಹೊರಟಿದ್ರಿ? ಏನಾದ್ರೂ ಅರ್ಜೆಂಟ್ ಇತ್ತಾ?" ಒಳಗಿದ್ದವರಿಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಬಂದವರಿಗೆ ಭಯ ಇರುವುದಿಲ್ಲವಂತೆ, ಅದು ಇವರ ಲೆಕ್ಕಾಚಾರ. ಬೈಸಿಕೊಂಡೇ ಬಾಗಿಲು ತೆಗೆಯುತ್ತಿದ್ದರು.

ಒಂದು ದಿನ ಮೋಟಾರು ಕೋಣೆಯ ವಿದ್ಯುತ್ ಪೆಟ್ಟಿಗೆ ಅವರ ತಲೆಯ ಪಕ್ಕದಲ್ಲೇ ಸಿಡಿಯಿತು. ಜೀವಕ್ಕೇನೂ ಆಗಲಿಲ್ಲ, ಎಡಗಿವಿ ಪೂರ್ತಿ ಹೋಯಿತು. ಕಂಪನಿಯವರು ಸುಧಾರಿಸಿಕೊಂಡು ಬನ್ನಿ ಎಂದು ಮನೆಗೆ ಕಳಿಸಿದರು. ಇವರು ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಎದುರುಮನೆಯ ಗೋಡೆಯನ್ನು ನೋಡುತ್ತ ಕೂತರು. ಕೂತವರು ಏಳಲೇ ಇಲ್ಲ. ನಾನು ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಕೊಡುವವಳು. ದಿನವಿಡೀ ಜನರ ಹೆಸರು ಹಿಡಿದು ಗಂಟಲು ಹರಿಯುವ ಹಾಗೆ ಕೂಗುವುದೇ ನನ್ನ ಕೆಲಸ. ಮನೆಗೆ ಬಂದರೆ ನನ್ನ ಗಂಡನನ್ನು ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಕಿವಿ ಕೇಳಿಸದೆ ಹಾಗೆ ಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬಲಗಿವಿ ಚೆನ್ನಾಗಿಯೇ ಇತ್ತಲ್ಲ! ಒಂದು ಸಂಜೆ ಬಂದು ನೋಡುತ್ತೇನೆ, ಬೆಳಿಗ್ಗೆ ಇಟ್ಟುಹೋದ ಕಾಫಿ ಕೆನೆಗಟ್ಟಿ ಹಾಗೇ ಇದೆ. ನಮಗೆ ಮಕ್ಕಳಿಲ್ಲ. ಇರುವುದು ಇವರೊಬ್ಬರು, ಇವರೂ ಹೀಗೆ ಕೂತಲ್ಲೇ ಕಳೆದುಹೋದರೆ ನಾನು ಯಾರ ಜೊತೆ ಜಗಳವಾಡಲಿ?

ದಿನಾ ಸ್ವಲ್ಪ ನಡೆಯಿರಿ ಎಂದರು ವೈದ್ಯರು. ನಾನು ಹೆಚ್ಚುಕಡಿಮೆ ನೂಕಿಯೇ ಹೊರಗೆ ಕಳಿಸುತ್ತಿದ್ದೆ. ಹಾಗೆ ಹೋದ ಒಂದು ಸಂಜೆ ಆಟದ ಮೈದಾನದ ಗೇಟಿನ ಬಳಿ ಒಂದಷ್ಟು ಮಕ್ಕಳು ಮುಖ ಊದಿಸಿಕೊಂಡು ನಿಂತಿದ್ದವು. ಅವರನ್ನು ಆಡಿಸುತ್ತಿದ್ದ ಬ್ಯಾಂಕಿನ ಗುಮಾಸ್ತರಿಗೆ ವರ್ಗವಾಗಿತ್ತು. ಜೊತೆಯಲ್ಲಿ ದೊಡ್ಡವರಿಲ್ಲದೆ ಕಾವಲುಗಾರ ಗೇಟು ತೆಗೆಯುವುದಿಲ್ಲ.

"ಮಾಮಾ, ಒಳಗೆ ಬಂದು ಸುಮ್ನೆ ನಿಂತ್ಕೊಳ್ಳಿ ಸಾಕು. ನೀವು ಏನೂ ಮಾಡೋದು ಬೇಡ" ಎಂದಿತು ಒಂದು ಮಗು.

ಏನೂ ಮಾಡದೆ ಇರುವುದರಲ್ಲಿ ಆಗ ಇವರನ್ನು ಮೀರಿಸುವವರು ಇರಲಿಲ್ಲ. ಹೋಗಿ ನಿಂತರು. ಮರುದಿನವೂ ನಿಂತರು. ಆಮೇಲೊಂದು ರಾತ್ರಿ ತಟ್ಟೆಯ ಮುಂದೆ ಕೂತು, "ಅವರಲ್ಲಿ ಆಡೋದು ಇಬ್ಬರೇ ಕಣೇ. ಉಳಿದವರು ಬರೀ ಓಡ್ತಾರೆ" ಎಂದರು. ಎಷ್ಟೋ ದಿನಗಳ ಮೇಲೆ ಅವರಾಗಿಯೇ ಆಡಿದ ಮಾತು ಅದು. ನನಗೆ ಫುಟ್‌ಬಾಲಿನ ಗಂಧಗಾಳಿ ಗೊತ್ತಿಲ್ಲ. ಆದರೂ, "ಅಯ್ಯೋ ಹೌದಾ? ಅದು ಹ್ಯಾಗೆ?" ಎಂದು ಕೇಳಿ, ಅವರು ಮೂರು ಸಲ ಬಡಿಸಿಕೊಳ್ಳುವ ತನಕ ಮಾತು ಮುಗಿಯಗೊಡಲಿಲ್ಲ.

ಹೀಗೆ ಅವರು ಲಿಫ್ಟ್ ಮಾಮ ಆದರು. ಕಂಪನಿ ಮತ್ತೆ ಕರೆಸಿಕೊಂಡಿತು, ಆದರೆ ಬಿಡಿಭಾಗಗಳ ಗೋದಾಮಿಗೆ. ಅಲ್ಲಿ ಅವರ ಜೊತೆ ಇರುವುದು ಕಪಾಟು, ಪೆಟ್ಟಿಗೆ ಮತ್ತು ಗೋಡೆ ಗಡಿಯಾರ. ಬೆಳಗಿನಿಂದ ಸಂಜೆಯವರೆಗೆ ತುಟಿಪಿಟಿಕ್ಕೆನ್ನದೆ ಇದ್ದು, ನೇರವಾಗಿ ಮೈದಾನಕ್ಕೆ ಹೋಗಿ, ಧೂಳು ಮೆತ್ತಿಕೊಂಡು ಮನೆಗೆ ಬರುತ್ತಿದ್ದರು. ಮಕ್ಕಳ ಬೆವರು ನಾತದ ಬನೀನುಗಳೆಲ್ಲ ನನ್ನ ವಾಷಿಂಗ್ ಮಷೀನಿಗೆ ಬೀಳುತ್ತಿದ್ದವು. ನಾನು ಬಾಯಿ ತುಂಬ ಬೈಯುತ್ತ ತೊಳೆದುಕೊಟ್ಟೆ.

ಅವರು ಕಲಿಸುವ ಬಗೆಯೇ ಬೇರೆ. ಮೈದಾನವನ್ನು ಸುತ್ತಿ ಓಡಿಸುವುದು, ಬಸ್ಕಿ ಹೊಡೆಸುವುದು ಯಾವುದೂ ಇಲ್ಲ. ತಾವೇ ಗೋಲಿನಲ್ಲಿ ನಿಂತು, "ನನ್ನ ಹೊಟ್ಟೆಗೆ ಹೊಡೆದವರಿಗೆ ಎರಡು ಪಾಯಿಂಟು" ಎನ್ನುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತ ಗುರಿಯಿಟ್ಟು ಒದೆಯುವುದನ್ನು ಕಲಿತವು. ಪ್ರತಿ ಆಟಕ್ಕೂ ಗೋಲು ಕಾಯುವ ಗೋಲಿ ಬೇರೆ, ನಾಯಕ ಬೇರೆ. ಆಟ ಮುಗಿದ ಮೇಲೆ ವೃತ್ತವಾಗಿ ಕೂತು, ಇನ್ನೊಬ್ಬರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಪ್ರತಿಯೊಬ್ಬರೂ ಹೇಳಬೇಕು. "ನನ್ನ ಲೇಸ್ ಕಟ್ಟಿದ" ಎಂದರೂ ನಡೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡದೊಂದು ನಿಯಮವಿತ್ತು. ಅಭ್ಯಾಸದ ಆಟದಲ್ಲಿ ಒಂದು ಕಡೆಯ ಎಲ್ಲರೂ ಚೆಂಡು ಮುಟ್ಟದೆ ಗೋಲು ಹೊಡೆದರೆ ಅದು ಲೆಕ್ಕಕ್ಕಿಲ್ಲ. ಎಲ್ಲರೂ ಮುಟ್ಟಿ ಹೊಡೆದರೆ ಇಡೀ ತಂಡ ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಬಹುದು. ಆ ರಾಶಿಗಾಗಿಯೇ ಮಕ್ಕಳು ಬಾಯಿಬಾಯಿ ಬಿಡುತ್ತಿದ್ದವು.

"ಇದೇನ್ರೀ ಇದು, ಗೋಲ್ ಹೊಡೆದ್ರೂ ಗೋಲ್ ಅಲ್ವಂತೆ!" ಎಂದು ನಾನು ಕೇಳಿದ್ದೆ.

"ಹತ್ತು ಮಹಡಿ ಇದ್ರೆ ಲಿಫ್ಟಿಗೆ ಹತ್ತು ಬಾಗಿಲು. ಅದರಲ್ಲಿ ಯಾವುದೋ ಒಂದು ಸರಿಯಾಗಿ ಮುಚ್ಚಿಲ್ಲ ಅಂದ್ರೂ ಲಿಫ್ಟು ಅಲ್ಲಾಡಲ್ಲ. ಜನ ಮೋಟಾರನ್ನ ಬೈತಾರೆ. ನಾವು ಹೋಗಿ ಆ ಒಂದು ಬಾಗಿಲು ಹುಡುಕಬೇಕು" ಎಂದರು.

ತಂಡದಲ್ಲಿ ಅಂಥ ಬಾಗಿಲು ಬೇಕರಿಯವರ ಹುಡುಗಿ. ಬೀದಿಯ ಕೊನೆಗೆ ಬೇಕರಿ ಇಟ್ಟಿರುವ ಅಜ್ಜಿಯ ಮೊಮ್ಮಗಳು. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಾಳಂತೆ, ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಶಾಲೆಯಲ್ಲೂ ಅಷ್ಟೆ, ಮೈದಾನದಲ್ಲೂ ಅಷ್ಟೆ. ಚೆನ್ನಾಗಿ ಓಡುತ್ತಿದ್ದಳು, ಚೆಂಡು ಕಾಲಿಗೆ ಬಂದರೆ ಒದೆಯುತ್ತಿದ್ದಳು. ಆದರೆ ಚೆಂಡು ಬೇಕೆಂದು ಒಂದು ದಿನವೂ ಕೇಳಿದವಳಲ್ಲ. ಕೇಳದವರಿಗೆ ಆಟದಲ್ಲಿ ಚೆಂಡು ಬರುವುದೂ ಇಲ್ಲ. ವೃತ್ತದಲ್ಲಿ ಅವಳ ಸರದಿ ಬಂದಾಗ ಯಾರ ಕಡೆಗಾದರೂ ಬೆರಳು ತೋರಿಸುತ್ತಿದ್ದಳು. ನಮ್ಮವರು ಅದಕ್ಕೂ "ಭೇಷ್" ಎನ್ನುತ್ತಿದ್ದರು. ಆದರೆ ರಾತ್ರಿ ಮಲಗುವಾಗ ನನ್ನೆದುರು, "ಒಂದು ಸಲ ಬಾಯಿ ಬಿಟ್ಟು ಕರೆದ್ರೆ ಸಾಕಿತ್ತು ಕಣೇ" ಎಂದು ಹೇಳಿಕೊಳ್ಳುತ್ತಿದ್ದರು.

ಬಾಯಿಗೆ ಬಿಡುವೇ ಇಲ್ಲದವನು ಔಷಧಿ ಅಂಗಡಿಯವರ ಮಗ. ಅವನ ಓಟಕ್ಕೆ ಎಲ್ಲರೂ ಅವನನ್ನು ರಾಕೆಟ್ ಎನ್ನುತ್ತಿದ್ದರು. ತಂಡದ ಗೋಲುಗಳಲ್ಲಿ ಹೆಚ್ಚಿನವು ಅವನವೇ. ಹೆಚ್ಚಿನವು ಎಂದ ಮಾತ್ರಕ್ಕೆ ಬಹಳ ಎಂದು ತಿಳಿಯಬೇಡಿ. ನಮ್ಮ ತಂಡ ಸೋಲುವುದರಲ್ಲಿ ಎತ್ತಿದ ಕೈ.

ಆ ವರ್ಷ ಸೋಲಿಗೆ ಬೆಲೆ ತೆರಬೇಕಾಗಿ ಬಂತು. ಮೈದಾನಕ್ಕೆ ತಂಡಗಳು ಹೆಚ್ಚಾಗಿದ್ದವು. ಪಂದ್ಯಾವಳಿಯಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಸಂಜೆಯ ಸಮಯವನ್ನು ಬಿಟ್ಟುಕೊಡಬೇಕು ಎಂದು ಮೈದಾನದ ಮೇಲ್ವಿಚಾರಕರು ಕಡ್ಡಿ ಮುರಿದ ಹಾಗೆ ಹೇಳಿದರು. ಸಂಜೆಯ ಸಮಯ ಹೋದರೆ ತಂಡ ಹೋದ ಹಾಗೆಯೇ. ನಮಗೆ ಉಳಿದದ್ದು ಒಂದೇ ಪಂದ್ಯ. ಗೆಲ್ಲಲೇಬೇಕೆಂದಿಲ್ಲ, ಸಮವಾದರೂ ಸಾಕಿತ್ತು.

ಔಷಧಿ ಅಂಗಡಿಯವರಿಗೆ ಮಗನ ಚಿಂತೆ. ನನಗೆ ಬಾಲ್ಕನಿಯ ಕುರ್ಚಿಯ ಚಿಂತೆ. ತಂಡ ಹೋದರೆ ಇವರು ಮತ್ತೆ ಅಲ್ಲಿಗೇ ಹೋಗಿ ಕೂರುತ್ತಾರೆ, ಈ ಸಲ ಎಬ್ಬಿಸಲು ನನ್ನ ಕೈಲಾಗುವುದಿಲ್ಲ ಎಂಬ ಹೆದರಿಕೆ ನನ್ನನ್ನು ಮಲಗಗೊಡಲಿಲ್ಲ.

"ಈ ಒಂದು ಪಂದ್ಯಕ್ಕೆ ನಿಮ್ಮ ನಿಯಮ ಪಕ್ಕಕ್ಕಿಡಿ. ಗೋಲ್ ಕಂಡ್ರೆ ಹೊಡೀರಿ ಅಂತ ಮಕ್ಕಳಿಗೆ ಹೇಳಿ" ಎಂದೆ.

"ಪಂದ್ಯದಲ್ಲಿ ಆ ನಿಯಮ ಯಾವತ್ತೂ ಇಲ್ವಲ್ಲೇ."

"ನಿಮಗೆ ಇಲ್ಲ, ಮಕ್ಕಳ ತಲೇಲಿ ಇದೆ. ಬಾಯಿ ಬಿಟ್ಟು ಹೇಳಿ."

ಹೇಳಿದರು. ಪಂದ್ಯದ ದಿನ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, "ಇವತ್ತು ಎಲ್ಲರೂ ಮುಟ್ಟಬೇಕು ಅಂತೇನಿಲ್ಲ. ಗೋಲ್ ಎದುರಿಗೆ ಸಿಕ್ತು ಅಂದ್ರೆ ಹೊಡೆದುಬಿಡಿ" ಎಂದರು. ಹೇಳುವಾಗ ಕಹಿ ಮದ್ದು ಕುಡಿದವರ ಹಾಗೆ ಮುಖ ಮಾಡಿಕೊಂಡಿದ್ದರು. ಮಕ್ಕಳು ತಲೆಯಾಡಿಸಿದವು.

ಎದುರಾಳಿಗಳು ನೀಲಿ ಅಂಗಿಯವರು. ಮೊದಲರ್ಧದಲ್ಲೇ ಒಂದು ಗೋಲು ಹಾಕಿ ಕೂತರು. ಎರಡನೆಯ ಅರ್ಧವಿಡೀ ನಮ್ಮ ಮಕ್ಕಳು ಬಿದ್ದು ಎದ್ದು ಆಡಿದವು. ಗೆರೆಯ ಹೊರಗೆ ನಿಂತ ಅಪ್ಪ ಅಮ್ಮಂದಿರು ಕೂಗಿದ್ದೇ ಕೂಗಿದ್ದು. ನಾನಂತೂ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಪಳಗಿಸಿಕೊಂಡ ಗಂಟಲನ್ನು ಪೂರ್ತಿ ಬಿಟ್ಟಿದ್ದೆ. ನಮ್ಮವರು ಮಾತ್ರ ಕೈಕಟ್ಟಿ ಸುಮ್ಮನೆ ನಿಂತಿದ್ದರು.

ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ರಾಕೆಟ್‌ಗೆ ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ನೀಲಿಯವರ ಗೋಲಿ ಅಡ್ಡ ಬರಲು ಹೋಗಿ ಜಾರಿ ಬಿದ್ದ. ಇವನೆದುರು ಬರಿದಾದ ಗೋಲು, ನಡುವೆ ನರಪಿಳ್ಳೆ ಇಲ್ಲ. ನಾನೇ ಒದ್ದಿದ್ದರೂ ಒಳಗೆ ಹೋಗುತ್ತಿತ್ತು. "ಹೊಡೆಯೋ! ಹೊಡೆಯೋ!" ಎಂದು ಎಲ್ಲರೂ ಕಿರುಚಿದೆವು.

ರಾಕೆಟ್ ನಿಂತುಬಿಟ್ಟ. ತಿರುಗಿ ಹಿಂದೆ ನೋಡಿದ. ಆಚೆ ಬದಿಯ ಗೆರೆಯ ಹತ್ತಿರ ಬೇಕರಿಯವರ ಹುಡುಗಿ ಇದ್ದಳು. ಅವತ್ತಿಡೀ ಅವಳ ಕಾಲಿಗೆ ಚೆಂಡು ಬಂದೇ ಇರಲಿಲ್ಲ. ಅವನು ಸೀದಾ ಅವಳಿಗೆ ಕೊಟ್ಟ. ಅವಳು ಓಡಿಬಂದು ಇದ್ದ ಬಲವನ್ನೆಲ್ಲ ಹಾಕಿ ಒದ್ದಳು. ಚೆಂಡು ಗೋಲಿನ ಕಂಬದಿಂದ ಒಂದು ಮಾರು ದೂರದಲ್ಲಿ ಹಾರಿ, ಬೇಲಿಗೆ ಒರಗಿಸಿದ್ದ ಸೈಕಲ್ಲುಗಳ ನಡುವೆ ಹೋಗಿ ಬಿತ್ತು. ರೆಫರಿ ಸೀಟಿ ಊದಿದ. ಆಟ ಮುಗಿಯಿತು.

ಆಗ ನಮ್ಮ ಮಕ್ಕಳು ಏನು ಮಾಡಿದವು ಗೊತ್ತೇ? ಎಲ್ಲವೂ ಓಡಿಹೋಗಿ ಆ ಹುಡುಗಿಯ ಮೇಲೆ ಬಿದ್ದು, ನಗುತ್ತ ಕೇಕೆ ಹಾಕುತ್ತ ರಾಶಿಯಾದವು! ಗೆದ್ದ ನೀಲಿಯವರು ಬೆಪ್ಪಾಗಿ ನೋಡುತ್ತ ನಿಂತರು.

"ನೋಡಿದ್ರಾ? ನೋಡಿದ್ರಾ ನಿಮ್ಮ ನಿಯಮ ಮಾಡಿದ ಕೆಲಸಾನ?" ಔಷಧಿ ಅಂಗಡಿಯವರು ನಮ್ಮವರ ಮೇಲೆ ಹರಿಹಾಯ್ದರು. "ಮಕ್ಕಳ ತಲೇನೇ ಕೆಡಿಸಿಬಿಟ್ರಿ!" ಉಳಿದವರು ಬಾಯಿ ಬಿಟ್ಟು ಅನ್ನಲಿಲ್ಲ, ಮುಖದಲ್ಲಿ ಅಂದರು. ಮೇಲ್ವಿಚಾರಕರು ಅಲ್ಲೇ ಬಂದು, ನಾಳೆಯಿಂದ ಸಂಜೆಗೆ ಬೇರೆಯವರು ಬರುತ್ತಾರೆ ಎಂದು ತಿಳಿಸಿದರು. ಎಲ್ಲರೂ ತಮ್ಮ ತಮ್ಮ ಮಕ್ಕಳ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಹೋದರು. ನಮ್ಮವರು ಮಕ್ಕಳ ಕಡೆ ತಿರುಗಿಯೂ ನೋಡದೆ ಬನೀನುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು.

ಮನೆಗೆ ಬಂದು ಕೈಕಾಲು ತೊಳೆದು ಬಾಲ್ಕನಿಗೆ ಹೋದರು. ನಾನು ಹೆದರಿದ್ದು ಇದಕ್ಕೇ.

"ಅವರು ಹೇಳಿದ್ದು ನಿಜ ಕಣೇ. ಮಕ್ಕಳಿಗೆ ಆಟ ಕಲಿಸ್ಲಿಲ್ಲ, ನನ್ನ ಹುಚ್ಚು ಕಲಿಸ್ದೆ" ಎಂದರು. ಆಮೇಲೆ ಮಾತಿಲ್ಲ. ದಿನವೂ ಗೋದಾಮಿಗೆ ಹೋದರು, ಬಂದರು, ಕೂತರು. ನಾನು ಸಮಾಧಾನ ಹೇಳಿದೆ, ಬೈದೆ, ತಟ್ಟೆಯನ್ನು ಅವರ ಮುಂದೆ ಕುಕ್ಕಿದೆ. ಒಂದು ದಿನ ಪಾತ್ರೆ ತೊಳೆಯುತ್ತ ಅತ್ತೂಬಿಟ್ಟೆ. ಆ ಹುಡುಗನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದುರಿಗೆ ಸಿಕ್ಕರೆ ಕಿವಿ ಹಿಂಡಿಬಿಡೋಣ ಎನ್ನಿಸುತ್ತಿತ್ತು.

ವಾರ ಕಳೆದ ಮೇಲೆ ಅವನೇ ಸಿಕ್ಕ. ಅವನಪ್ಪ ಅವನನ್ನು ಮುಂದಿಟ್ಟುಕೊಂಡು ನಮ್ಮ ಮನೆಗೇ ಬಂದರು. ಮಗನನ್ನು ಬೇರೆ ತಂಡಕ್ಕೆ ಸೇರಿಸುತ್ತಿದ್ದೇವೆ, ತಂಡದ ಬನೀನು ಹಿಂದಿರುಗಿಸಲು ಬಂದೆವು ಎಂದರು. ಬಂದ ಮೇಲೆ ಎರಡು ಮಾತು ಆಡದೆ ಹೋಗುವ ಪೈಕಿ ಅವರಲ್ಲ.

"ತಪ್ಪು ತಿಳ್ಕೋಬೇಡಿ ಸಾರ್. ಮಕ್ಕಳು ನಗ್ತಾ ಆಡ್ಬೇಕು, ಒಪ್ಪಿದೆ. ಆದ್ರೆ ಬಾಗಿಲು ತೆಗೆದಿರೋ ಗೋಲ್ ಬಿಟ್ಟು ಹಿಂದಕ್ಕೆ ಕೊಡೋದಾ? ಯಾರೂ ಮುಟ್ಟದೆ ಉಳೀಬಾರ್ದು ಅಂತ ಇವನು ಲೆಕ್ಕ ಹಾಕ್ತಾ ನಿಂತ್ರೆ ಮುಂದೆ ಗತಿ ಏನು?"

ನಮ್ಮವರು ತಲೆ ತಗ್ಗಿಸಿ ಕೂತಿದ್ದರು. ರಾಕೆಟ್ ಅಪ್ಪನ ಮುಖ ನೋಡಿದ.

"ಅಪ್ಪಾ, ನಾನು ಲೆಕ್ಕ ಹಾಕ್ಲಿಲ್ಲ. ನಿಯಮ ಇಲ್ಲ ಅಂತ ಮಾಮ ಹೇಳಿದ್ರಲ್ಲ, ಗೊತ್ತಿತ್ತು."

"ಮತ್ಯಾಕೋ ಕೊಟ್ಟೆ?"

"ಅವಳು ಕರೆದ್ಲು."

ನಮ್ಮವರು ಬಲಗಡೆಗೆ ವಾಲಿ ಕೂತು, "ಏನಂದೆ?" ಎಂದರು.

"ಬೇಕರಿ ಹುಡುಗಿ ಕರೆದ್ಲು ಮಾಮಾ. 'ಏಯ್, ನಂಗೆ ಕೊಡೋ' ಅಂತ. ಇಷ್ಟು ಜೋರಾಗಿ. ಆ ತುದೀಲಿ ನಿಂತಿದ್ದ ನಮ್ಮ ಗೋಲಿಗೂ ಕೇಳಿಸ್ತಂತೆ. ನೀವ್ಯಾರೂ ಕೇಳಿಸ್ಕೊಳ್ಳಲಿಲ್ವಾ?"

ಯಾರು ಕೇಳಿಸಿಕೊಳ್ಳಬೇಕಿತ್ತು? ನಾವು ದೊಡ್ಡವರೆಲ್ಲ ಕಿರುಚುವುದರಲ್ಲಿದ್ದೆವು. ಇವರ ಎಡಗಿವಿ ಆ ಬದಿಗಿತ್ತು.

"ಕರೆದ್ರೆ ಕರೀಲಿ! ಗೋಲ್ ಎದುರಿಗಿತ್ತಲ್ಲೋ!" ಎಂದರು ಔಷಧಿ ಅಂಗಡಿಯವರು. ಅವರ ದನಿ ಆಗಲೇ ಅರ್ಧಕ್ಕಿಳಿದಿತ್ತು.

"ಗೋಲ್ ನಾನು ನಾಳೇನೂ ಹೊಡೀತೀನಿ ಅಪ್ಪಾ. ಅವಳು ನಾಳೆ ಕರೀದೇ ಇದ್ರೆ?"

ನಮ್ಮವರು ನಗಲು ಶುರು ಮಾಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಸದ್ದು ಬಂತು, ಆಮೇಲೆ ಕಣ್ಣಲ್ಲಿ ನೀರು. ಎದ್ದು ನಿಂತು, "ಏನಂದ್ಲು, ಇನ್ನೊಂದು ಸಲ ಹೇಳು" ಎಂದರು. ಹುಡುಗ ಹೇಳಿದ. "ಕೊಡೋ ಅಂದ್ಲಾ, ಕೊಡು ಅಂದ್ಲಾ?" "ಕೊಡೋ ಅಂದ್ಲು." "ಕೊಡೋ ಅಂದ್ಲಂತೆ ಕಣೇ!" ಎಂದು ನನಗೆ ಹೇಳಿದರು, ನಾನೇನೋ ಬೇರೆ ಊರಿನಲ್ಲಿದ್ದೆ ಎಂಬಂತೆ. ಔಷಧಿ ಅಂಗಡಿಯವರು ತಂದಿದ್ದ ಬನೀನನ್ನು ಮಡಿಲಿನಲ್ಲೇ ಇಟ್ಟುಕೊಂಡು ಕೂತಿದ್ದರು.

ಮನೆಯ ಚಪ್ಪಲಿಯಲ್ಲೇ ಇವರು ಬೇಕರಿಗೆ ಹೊರಟರು. ನಾನೂ ಹಿಂದೆಯೇ ಓಡಿದೆ. ಗಲ್ಲಾದಲ್ಲಿ ಕೂತಿದ್ದ ಅಜ್ಜಿ ನಮ್ಮನ್ನು ನೋಡಿ ಮುಖ ಗಂಟಿಕ್ಕಿದರು.

"ಈಗ ನೆನಪಾಯ್ತೇನಪ್ಪಾ? ಗುರಿ ತಪ್ಪಿದ್ದು ತಪ್ಪೇ ಅಂತ ಇಟ್ಕೋ. ಅಷ್ಟಕ್ಕೇ ಮಗೂನ ತಿರುಗಿ ನೋಡ್ದೆ ಹೋಗೋದಾ? ತನ್ನಿಂದಲೇ ತಂಡ ಮುಳುಗ್ತು, ಮಾಮ ಸಿಟ್ಟಾಗಿದ್ದಾರೆ ಅಂತ ತಲೇಗೆ ಹಚ್ಕೊಂಡಿದಾಳೆ. ಈಗ ಮನೇಲೂ ಮಾತಿಲ್ಲ. ನನ್ನ ಹತ್ರಾನೂ ಇಲ್ಲ."

ನಾವಿಬ್ಬರೂ ನಮ್ಮ ಸಂಕಟವನ್ನೇ ದೊಡ್ಡದು ಮಾಡಿಕೊಂಡು ಕೂತ ಅಷ್ಟೂ ದಿನ ಈ ಮನೆಯಲ್ಲಿ ಒಂದು ಮಗು ಬಾಯಿ ಮುಚ್ಚಿಕೊಂಡಿತ್ತು.

ಒಳಗೆ, ಹಿಟ್ಟಿನ ಮೂಟೆಗಳ ಪಕ್ಕದಲ್ಲಿ ಕೂತು ಅವಳು ಕೇಕಿನ ರಟ್ಟಿನ ಡಬ್ಬಿಗಳನ್ನು ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ಇವರು ಕಷ್ಟಪಟ್ಟು ನೆಲದ ಮೇಲೆ ಕೂತರು. ಒಂದು ರಟ್ಟು ಎತ್ತಿಕೊಂಡು ಮಡಚಲು ಹೋಗಿ ಕೆಡಿಸಿದರು. ಅವಳು ಅದನ್ನು ಕಿತ್ತುಕೊಂಡು ಸರಿ ಮಾಡಿದಳು.

"ನನ್ನ ಈ ಕಿವಿ ಕೇಳಿಸಲ್ಲಮ್ಮ" ಎಂದರು ಎಡಗಿವಿ ಮುಟ್ಟಿ. "ನೀನು ಕರೆದದ್ದು ನಂಗೆ ಗೊತ್ತೇ ಆಗ್ಲಿಲ್ಲ. ಈಗ ರಾಕೆಟ್ ಹೇಳ್ದ. ನಾನು ನಿನ್ನ ಮೇಲೆ ಸಿಟ್ಟಾಗಿರ್ಲಿಲ್ಲ, ನನ್ನ ಮೇಲೇ ಸಿಟ್ಟಾಗಿದ್ದೆ. ಅದನ್ನ ಬಂದು ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

ಅವಳು ಡಬ್ಬಿ ಮಡಚುವುದನ್ನು ನಿಲ್ಲಿಸಿದಳು.

"ಇನ್ನೊಂದು ಸಲ ಕೂಗ್ತೀಯಾ? ನಂಗೆ ಕೇಳ್ಬೇಕು."

ಇಲ್ಲವೆಂದು ತಲೆಯಾಡಿಸಿದಳು.

"ಸರಿ ಬಿಡು. ಚೆಂಡು ಇಲ್ಲದೆ ಯಾರಾದ್ರೂ ಯಾಕೆ ಕೂಗ್ತಾರೆ? ನಾಳೆ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಾ" ಎಂದು ನನ್ನ ಭುಜ ಹಿಡಿದು ಎದ್ದರು.

"ಯಾವ ಮೈದಾನರೀ? ನಮಗೆಲ್ಲಿದೆ ಮೈದಾನ?" ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ಬೆಳಿಗ್ಗೆ ಯಾರೂ ಏಳಲ್ಲ ಕಣೇ. ಖಾಲಿ ಇರುತ್ತೆ. ಕೇಳ್ತೀನಿ."

ಅಲ್ಲಿಂದಲೇ ಮೇಲ್ವಿಚಾರಕರ ಮನೆಗೆ ಹೋಗಿ ಕೇಳಿದರು. ಅಷ್ಟು ಬೆಳಿಗ್ಗೆ ಯಾವ ಮಕ್ಕಳು ಬರುತ್ತಾರೆಂದು ಅವರು ನಕ್ಕು, ಬೇಕಾದರೆ ಇಟ್ಟುಕೊಳ್ಳಿ ಎಂದರು. ನಾನೂ ಅದನ್ನೇ ಅಂದುಕೊಂಡಿದ್ದೆ. ಆದರೂ ಹಿಂದಿರುಗುವ ದಾರಿಯಲ್ಲಿ ಮಕ್ಕಳ ಮನೆಮನೆಗೂ ಹೇಳುತ್ತ ಬಂದೆವು.

ಮರುದಿನ ಆರಕ್ಕೆ ಐದು ಮಕ್ಕಳು ಬಂದವು. ಆಮೇಲೆ ಕಣ್ಣುಜ್ಜುತ್ತ ಇನ್ನೂ ಮೂರು. ಔಷಧಿ ಅಂಗಡಿಯವರು ಮಗನನ್ನು ಸ್ಕೂಟರಿನಲ್ಲಿ ತಂದು ಬಿಟ್ಟು, ನನ್ನ ಮುಖ ನೋಡದೆ, "ಇವತ್ತೊಂದು ದಿನ ಆಡ್ಲಿ ಅಂತ" ಎಂದರು. ಬೇಕರಿಯ ಅಜ್ಜಿ ಮೊಮ್ಮಗಳ ಕೈ ಹಿಡಿದು ಕರೆತಂದು, ಒಂದು ಕಲ್ಲಿನ ಮೇಲೆ ಕೂತು ತೂಕಡಿಸತೊಡಗಿದರು. ಅಷ್ಟು ಬೆಳಿಗ್ಗೆ ಕೂಗಲು ನಮ್ಮಲ್ಲಿ ಯಾರಿಗೂ ತ್ರಾಣವಿರಲಿಲ್ಲ.

ಆಟ ಶುರುವಾಯಿತು. ಬಹಳ ಹೊತ್ತು ಏನೂ ಇಲ್ಲ. ಆ ಹುಡುಗಿ ಓಡುತ್ತಿದ್ದಳು, ನಿಲ್ಲುತ್ತಿದ್ದಳು. ನಮ್ಮವರು ಬಲಗಿವಿಯನ್ನು ಅವಳ ಕಡೆ ಇಟ್ಟುಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದರು. ರಾಕೆಟ್ ಚೆಂಡು ತೆಗೆದುಕೊಂಡು ಗೋಲಿನ ಕಡೆ ನುಗ್ಗಿದ.

"ಏಯ್! ಇಲ್ಲಿ! ನಂಗೆ ಕೊಡೋ!"

ಅಜ್ಜಿ ಬೆಚ್ಚಿ ಎದ್ದು ಕೂತರು. ನಮ್ಮವರು ನಿಂತಲ್ಲೇ ನಿಂತರು. ರಾಕೆಟ್ ಈ ಸಲ ಕೊಡಲಿಲ್ಲ. ತಾನೇ ಹೊಡೆದ, ಚೆಂಡು ಒಳಗೆ ಹೋಯಿತು, ಕೈಯೆತ್ತಿ ಕುಣಿದ.

ಹುಡುಗಿ ಅವನೆದುರು ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾನು ಕರೆದದ್ದು ಕೇಳಿಸ್ಲಿಲ್ವಾ ನಿಂಗೆ? ನಾನಿನ್ನೂ ಮುಟ್ಟೇ ಇರ್ಲಿಲ್ಲ, ಇದು ಗೋಲ್ ಅಲ್ವೇ ಅಲ್ಲ. ಕಿವಿಗೇನು ಹತ್ತಿ ಇಟ್ಕೊಂಡಿದೀಯಾ? ಅವತ್ತು ಕೊಟ್ಟೆ ಅಂತ ಜಂಬಾನಾ?" ಅವನೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಉಳಿದ ಮಕ್ಕಳು ಸುತ್ತ ನಿಂತು ಬಾಯಿ ಬಿಟ್ಟುಕೊಂಡು ನೋಡತೊಡಗಿದವು. ಅವಳು ಬೈಯುತ್ತಲೇ ಇದ್ದಳು.

"ಹೋಗಿ ಜಗಳ ಬಿಡಿಸ್ರೀ" ಎಂದೆ.

ನಮ್ಮವರು ಅಲ್ಲಾಡಲಿಲ್ಲ. "ಬೇಡ ಕಣೇ" ಎಂದರು. "ಇನ್ನೂ ಸ್ವಲ್ಪ ಹೊತ್ತು ಬೈಲಿ."